ಗುಂಡ ಹೋದದ್ದು ಹೇಗೆ

ಸೀರೆಗೆ ಕುಚ್ಚು ಕಟ್ಟುವವರ ಮನೆಯಲ್ಲಿ ದಾರ ಮೆಟ್ಟದೆ ಓಡಾಡಲು ಆಗುವುದಿಲ್ಲ. ಶಂಕರಪುರಂನ ನಮ್ಮ ನಡುಮನೆಗೆ ಬಂದವರು ಕಾಫಿ ಕುಡಿದು ಹೊರಡುವಾಗ ಅವರ ಕಾಲಿಗೆ, ನೆರಿಗೆಗೆ, ಕೆಲವೊಮ್ಮೆ ಕೂದಲಿಗೂ ಒಂದೆರಡು ರೇಷ್ಮೆಯೆಳೆ ಅಂಟಿಕೊಂಡೇ ಹೋಗುತ್ತವೆ. ನಮ್ಮ ಯಜಮಾನರ ಪ್ಯಾಂಟಿನ ಮಡಿಕೆಯಲ್ಲಿ ಕೂತು ಬಳೇಪೇಟೆಯ ಅಂಗಡಿಯವರೆಗೂ ಹೋಗಿ, ಸಾಯಂಕಾಲ ಅವರ ಜೊತೆಗೇ ಮನೆಗೆ ಮರಳಿದ ಒಂದು ಗಿಳಿಹಸಿರು ದಾರವನ್ನು ನಾನೇ ನೋಡಿದ್ದೇನೆ.

ಈಚೆಗೆ ನನ್ನ ಕೆಲಸಕ್ಕೆ ಒಂದು ಹೊಸ ಬಗೆ ಸೇರಿಕೊಂಡಿದೆ. ಅಜ್ಜಿಯ ಕಾಲದ ಸೀರೆಯ ಒಡಲು ಮಡಿಕೆ ಮಡಿಕೆಗೂ ಸೀಳಿರುತ್ತದೆ, ಅಂಚಿನ ಜರಿ ಮಾತ್ರ ಗಟ್ಟಿಯಾಗಿಯೇ ಇರುತ್ತದೆ. ಆ ಅಂಚನ್ನೂ ಸೆರಗನ್ನೂ ಹುಷಾರಾಗಿ ಬಿಚ್ಚಿ ಅದೇ ಬಣ್ಣದ ಹೊಸ ರೇಷ್ಮೆಗೆ ಕೂಡಿಸಿ ಹೊಲಿದುಕೊಡಬೇಕು. ಅದನ್ನು ಉಟ್ಟು ಮದುವೆಗೆ ಹೋದವರು "ನಮ್ಮಜ್ಜಿ ಸೀರೆ" ಎಂದೇ ಹೇಳಿಕೊಳ್ಳುತ್ತಾರೆ. ಮುಕ್ಕಾಲುಪಾಲು ಹೊಸದಾದರೂ ಅದು ಅಜ್ಜಿಯದೇ. ಒಂದು ವಸ್ತು ಎಷ್ಟು ಬದಲಾಗುವ ತನಕ ಅದೇ ವಸ್ತುವಾಗಿ ಉಳಿಯುತ್ತದೆ, ಎಲ್ಲಿಂದ ಆಚೆಗೆ ಬೇರೆಯಾಗುತ್ತದೆ ಎಂಬುದು ಸೂಜಿ ಹಿಡಿದು ಕೂತವಳಿಗೆ ದಿನಗಟ್ಟಲೆ ಯೋಚಿಸಲು ಒಳ್ಳೆಯ ವಿಷಯ. ನಾನು ಹಾಗೆ ಯೋಚಿಸುತ್ತಿದ್ದ ಒಂದು ಶನಿವಾರ ಮಧ್ಯಾಹ್ನ ನನ್ನ ತಮ್ಮನ ಮಗಳು ಚಾರು, ಎಂಟು ವರ್ಷದವಳು, ಚಾಮರಾಜಪೇಟೆಯ ಅವರ ಮನೆಯಿಂದ ಬಂದು ದಿವಾನದ ಮೇಲೆ ಕಾಲು ಮಡಿಸಿ ಕೂತು, ಕೈಯಲ್ಲಿದ್ದ ಆಟದ ಯಂತ್ರವನ್ನು ನನ್ನ ಮೂಗಿನ ಹತ್ತಿರ ಹಿಡಿದಳು.

"ಅತ್ತೆ, ಇದು ರೀಮೇಕ್. ಅಪ್ಪ ಚಿಕ್ಕವರಾಗಿದ್ದಾಗ ಆಡ್ತಿದ್ರಲ್ಲ, ಅದೇ ಗೇಮು."

ಸಿನಿಮಾ ರೀಮೇಕ್ ಆಗುವುದು ಗೊತ್ತಿತ್ತು. ಆಟವೂ ಆಗುತ್ತದೆಂದು ಗೊತ್ತಿರಲಿಲ್ಲ. ಬಗ್ಗಿ ನೋಡಿದೆ.

ಈ ಆಟ ಗೊತ್ತಿಲ್ಲದವರಿಗೆ ಎರಡು ಮಾತು ಹೇಳುತ್ತೇನೆ. ಒಂದು ಸಣ್ಣ ಊರು, ಅಲ್ಲೊಬ್ಬ ಮುದುಕ ಪಂಡಿತ. ಅವನು ನಮ್ಮ ಮುಂದೆ ಮೂರು ವಿಚಿತ್ರ ಪ್ರಾಣಿಗಳನ್ನು ಇಟ್ಟು ಒಂದನ್ನು ಆರಿಸಿಕೋ ಎನ್ನುತ್ತಾನೆ. ಅದನ್ನು ಕರೆದುಕೊಂಡು ಊರೂರು ಅಲೆಯಬೇಕು, ಹುಲ್ಲಿನಲ್ಲಿ, ಗುಹೆಯಲ್ಲಿ, ನೀರಿನಲ್ಲಿ ಅಡಗಿರುವ ಇನ್ನಷ್ಟು ಪ್ರಾಣಿಗಳನ್ನು ಹಿಡಿಯಬೇಕು, ಊರಿಗೊಬ್ಬರಂತೆ ಇರುವ ಮೇಷ್ಟ್ರುಗಳ ಪ್ರಾಣಿಗಳೊಂದಿಗೆ ನಮ್ಮವನ್ನು ಕಾದಾಡಿಸಿ ಗೆಲ್ಲಬೇಕು. ಆರಕ್ಕಿಂತ ಹೆಚ್ಚು ಪ್ರಾಣಿಗಳನ್ನು ಜೊತೆಗೆ ಒಯ್ಯುವ ಹಾಗಿಲ್ಲ, ಮಿಕ್ಕವನ್ನು ಊರಿನ ಒಂದು ಯಂತ್ರದ ಪೆಟ್ಟಿಗೆಯಲ್ಲಿ ಇಟ್ಟು ಬರಬೇಕು. ನಾವು ಆಡಿದ ಕಾಲದಲ್ಲಿ ಇದೆಲ್ಲ ಪಾಚಿ ಬಣ್ಣದ ಪರದೆಯ ಮೇಲೆ ಚುಕ್ಕೆಚುಕ್ಕೆಯಾಗಿ ಕಾಣುತ್ತಿತ್ತು. ಈಗ ಅದೇ ಊರಿಗೆ ಬಿಸಿಲು ಬಂದಿದೆ. ಮರಕ್ಕೆ ನೆರಳಿದೆ, ಕೆರೆಯಲ್ಲಿ ಮೋಡ ಕಾಣುತ್ತದೆ. ಆದರೆ ಕೆರೆ ಇದ್ದಲ್ಲೇ ಇದೆ, ಅದರ ಪಕ್ಕ ನಿಂತಿದ್ದ ಅಜ್ಜಿ ಇಷ್ಟು ವರ್ಷವೂ ಕೂರದೆ ಅಲ್ಲೇ ನಿಂತಿದ್ದಾಳೆ.

ಆ ಅಜ್ಜಿಯನ್ನು ನೋಡಿ ನಾನು ಸೂಜಿ ಕೆಳಗಿಟ್ಟೆ. ನನ್ನ ತಮ್ಮ ಗಿರಿಗೆ ನಾನು ಹೇಳಿದ ಒಂದು ಸುಳ್ಳಿಗೆ ಅವಳು ಸಾಕ್ಷಿ. ಆ ಸುಳ್ಳನ್ನು ಅವನೆದುರು ಒಪ್ಪಿಕೊಳ್ಳುವ ಧೈರ್ಯ ಇಪ್ಪತ್ತೈದು ವರ್ಷ ನನಗೆ ಬಂದಿರಲಿಲ್ಲ.

ನಾನು ಏಳನೇ ತರಗತಿಗೇ ಶಾಲೆ ಬಿಟ್ಟವಳು. ಅಮ್ಮನ ಮಂಡಿ ಕೈಕೊಟ್ಟಿತು, ಬಳೆ ಅಂಗಡಿಯಲ್ಲಿದ್ದ ಅಪ್ಪನಿಗೆ ಊಟದ ಕ್ಯಾರಿಯರ್ ಹೋಗಬೇಕಿತ್ತು, ಹೀಗೆ ಒಂದೊಂದೇ ಕಾರಣ ಸೇರಿ ಬಿಟ್ಟೆ. ಕನ್ನಡ ಶಾಲೆ. ಇಂಗ್ಲಿಷಿನ ಅಕ್ಷರಗಳು ಬರುತ್ತಿದ್ದವು, ಎಸ್, ನೋ, ಕ್ಯಾಟ್, ಬ್ಯಾಟ್ ಬರುತ್ತಿದ್ದವು, ವಾಕ್ಯ ಬರುತ್ತಿರಲಿಲ್ಲ. ಗಿರಿ ನನಗಿಂತ ಏಳು ವರ್ಷ ಚಿಕ್ಕವನು, ಅವನನ್ನು ಇಂಗ್ಲಿಷ್ ಶಾಲೆಗೆ ಹಾಕಿದ್ದರು. ಅಪ್ಪನ ಗಿರಾಕಿಯೊಬ್ಬರು ಸಿಂಗಪುರದಿಂದ ಬಂದಾಗ ಈ ಆಟದ ಯಂತ್ರವನ್ನು ಕೊಟ್ಟುಹೋದದ್ದು ಅವನು ಒಂದನೇ ತರಗತಿಯಲ್ಲಿ ಇನ್ನೂ ಅಕ್ಷರ ಕೂಡಿಸಿಕೊಳ್ಳುತ್ತಿದ್ದಾಗ. ಆಟದ ತುಂಬ ಇಂಗ್ಲಿಷ್ ಮಾತು. ಮೊದಲ ದಿನವೇ ಅವನು ಯಂತ್ರವನ್ನು ನನ್ನ ಮಡಿಲಿಗೆ ಹಾಕಿ, "ಅಕ್ಕಾ, ಏನ್ ಬರ್ದಿದೆ ಓದು" ಎಂದ.

ಅಂದು ನನಗೆ ಹದಿಮೂರು ವರ್ಷ. ಶಾಲೆ ಬಿಟ್ಟಿದ್ದ ಹೊಸತು. ಬೀದಿಯ ಹುಡುಗಿಯರು ಬೆಳಿಗ್ಗೆ ಎರಡು ಜಡೆ ಹಾಕಿಕೊಂಡು ಹೋಗುವಾಗ ನಾನು ಒಳಗೆ ಹೋಗಿಬಿಡುತ್ತಿದ್ದೆ. ಮನೆಯಲ್ಲಿ ನನ್ನನ್ನು ದೊಡ್ಡ ಓದಿನವಳೆಂದು ನಂಬಿದ್ದವನು ಇವನೊಬ್ಬನೇ. ಬರಲ್ಲ ಅನ್ನಲಿಲ್ಲ. ಓದಿದೆ.

ಓದಿದೆ ಅಂದರೆ, ಪರದೆಯ ಮೇಲೆ ಸಾಲು ಬಂದಾಗಲೆಲ್ಲ ಕಣ್ಣು ಎಡದಿಂದ ಬಲಕ್ಕೆ ಓಡಿಸಿ ಬಾಯಿಗೆ ಬಂದದ್ದನ್ನು ಹೇಳಿದೆ. ಕೆರೆಯ ಪಕ್ಕದ ಅಜ್ಜಿ, ಅಳಿಯ ಮನೆಬಿಟ್ಟು ಹೋಗಿದ್ದಾನೆ, ದಾರಿಯಲ್ಲಿ ಕಂಡರೆ ಹೇಳಪ್ಪಾ ಅಂದಳು. ದೋಣಿಯವನಿಗೆ ಈಜು ಬರುವುದಿಲ್ಲ, ಅದನ್ನು ಯಾರಿಗೂ ಹೇಳಬೇಡ ಎಂದು ಅವನು ನಮ್ಮ ಕಿವಿಯಲ್ಲಿ ಹೇಳಿದ. ಔಷಧಿ ಅಂಗಡಿಯ ಅಣ್ಣತಮ್ಮಂದಿರು ಮಾತು ಬಿಟ್ಟಿದ್ದರು. ಗಿರಿ ಬಾಯಿಬಿಟ್ಟು ಕೇಳುತ್ತಿದ್ದ. ನಡುನಡುವೆ ಪರದೆ ಏನೋ ಪ್ರಶ್ನೆ ಕೇಳಿ ಎಸ್, ನೋ ಎಂದು ತೋರಿಸುತ್ತಿತ್ತು. ನಾನು ಒಂದು ಪದ್ಧತಿ ಮಾಡಿಕೊಂಡಿದ್ದೆ. ಯಾವಾಗಲೂ ಎಸ್ ಒತ್ತುವುದು. ಎಸ್ ಅಂದರೆ ಆಟ ಮುಂದಕ್ಕೆ ಹೋಗುತ್ತಿತ್ತು, ನೋ ಅಂದರೆ ಅಲ್ಲೇ ನಿಲ್ಲುತ್ತಿತ್ತು. ಅಷ್ಟು ತಿಳಿದರೆ ಸಾಕಾಗಿತ್ತು.

ಮೂರರಲ್ಲಿ ಗಿರಿ ಆರಿಸಿಕೊಂಡದ್ದು ಮುಂಗುಸಿಗೆ ಕೆಸುವಿನೆಲೆಯ ಬಾಲ ಅಂಟಿಸಿದಂತಿದ್ದ ಒಂದು ಜೀವಿಯನ್ನು. ಹೆಸರಿಡಿ ಎಂದು ಅಕ್ಷರಗಳನ್ನು ತೋರಿಸಿದಾಗ ನಾನೇ ಒಂದೊಂದೇ ಹುಡುಕಿ ಗುಂಡ ಎಂದು ಬರೆದೆ. ನಾನು ಆ ಯಂತ್ರದಲ್ಲಿ ನಿಜವಾಗಿ ಬರೆದದ್ದು, ಓದಿದ್ದು ಅದೊಂದೇ. ಗಿರಿ ಊಟ ಮಾಡುವಾಗಲೂ ಗುಂಡನ ಮುಖ ಕಾಣುವಂತೆ ಯಂತ್ರವನ್ನು ತಟ್ಟೆಗೆ ಒರಗಿಸಿಡುತ್ತಿದ್ದ.

ಒಂದು ದಿನ ಪೆಟ್ಟಿಗೆ ಯಂತ್ರದ ಮುಂದೆ ನಿಂತಿದ್ದೆವು. ಗುಂಡನಿಗೆ ಸುಸ್ತಾಗಿದೆ, ಸ್ವಲ್ಪ ಹೊತ್ತು ಮಲಗಲಿ ಎಂದು ನಾನೇ ಅವನನ್ನು ಒಳಗಿಟ್ಟಿದ್ದೆ. ಆಮೇಲೆ ಹೊರಗೆ ಕರೆಯಲು ಹೋಗಿ ಯಾವುದೋ ಸಾಲನ್ನು ಒತ್ತಿದೆ. ಒಂದು ವಾಕ್ಯ ಬಂತು. ಕೆಳಗೆ ಎಸ್, ನೋ. ಪದ್ಧತಿಯಂತೆ ಎಸ್ ಒತ್ತಿದೆ. ಇನ್ನೊಂದು ವಾಕ್ಯ ಬಂದು ಹೋಯಿತು. ಪೆಟ್ಟಿಗೆಯಲ್ಲಿ ಗುಂಡ ಇರಲಿಲ್ಲ.

"ಅಕ್ಕಾ, ಗುಂಡ ಎಲ್ಲಿ?"

ಏನಾಯಿತೆಂದು ನನಗೆ ತಿಳಿಯಲಿಲ್ಲ. ನನ್ನ ಬೆರಳಿನಿಂದ ಆಯಿತು ಎಂಬುದಷ್ಟು ತಿಳಿಯಿತು. ಅವನು ಭುಜ ಹಿಡಿದು ಅಲ್ಲಾಡಿಸಿ, ಏನ್ ಬರ್ದಿತ್ತು, ಏನ್ ಬರ್ದಿತ್ತು ಎಂದ. ನಾನು ಖಾಲಿ ಪರದೆಯನ್ನು ನೋಡುತ್ತ ಓದಿದೆ: "ನೀನು ಅವನನ್ನ ತುಂಬಾ ಕಾದಾಡಿಸ್ದೆ. ಅದಕ್ಕೇ ಬೇಜಾರಾಗಿ ಬಿಟ್ಟುಹೋದ, ಅಂತ ಬರ್ದಿತ್ತು."

ಆರು ವರ್ಷದ ಮಗು ಅದು. ಅಳಲೂ ಇಲ್ಲ. ಯಂತ್ರವನ್ನು ಬಾಯಿಯ ಹತ್ತಿರ ಹಿಡಿದು ತಪ್ಪಾಯ್ತು, ಇನ್ನು ಮೇಲೆ ಕಾದಾಡಿಸಲ್ಲ ಎಂದು ಹೇಳಿದ. ಆಮೇಲೆ ತಿಂಗಳುಗಟ್ಟಲೆ ಆ ಊರಿನ ಹುಲ್ಲಿನಲ್ಲಿ ಗುಂಡನನ್ನು ಹುಡುಕಿದ, ಬೇರೆ ಯಾವ ಪ್ರಾಣಿಯನ್ನೂ ಹಿಡಿಯಲಿಲ್ಲ. ಮರುವರ್ಷ ಅವನಿಗೆ ವಾಕ್ಯ ಓದಲು ಬರುವ ಹೊತ್ತಿಗೆ ಯಂತ್ರದ ಪರದೆ ಪೂರ್ತಿ ಕಪ್ಪಾಗಿತ್ತು. ನನಗೆ ಎಷ್ಟು ಹಗುರಾಯಿತೆಂದರೆ, ಅದನ್ನು ಹಳೇ ಸಾಮಾನಿನವನಿಗೆ ಕೊಡುವಾಗ ನಾನೇ ಗೇಟಿನ ತನಕ ಹೋಗಿ ಕೊಟ್ಟು ಬಂದೆ.

ಆ ಗಿರಿ ಈಗ ಮಲ್ಲೇಶ್ವರಂನಲ್ಲಿ ಕನ್ನಡಕದ ಅಂಗಡಿ ಇಟ್ಟಿದ್ದಾನೆ. ಒಳ್ಳೆಯವನು, ಒಂದು ಮಾತು ಜೋರಾಗಿ ಆಡುವವನಲ್ಲ. ಯಾರಾದರೂ ಎರಡು ದಿನ ಫೋನು ಮಾಡದಿದ್ದರೆ "ನನ್ನಿಂದ ಏನಾದ್ರೂ ಬೇಜಾರಾಯ್ತಾ?" ಎಂದು ಕೇಳುತ್ತಾನೆ. ಹಳೇ ಗಿರಾಕಿ ಬೇರೆ ಅಂಗಡಿಗೆ ಹೋದರೆ ವಾರವಿಡೀ ತನ್ನ ತಪ್ಪು ಹುಡುಕುತ್ತಾನೆ. ಮಗಳು ಬೆಕ್ಕಿನಮರಿ ಬೇಕೆಂದು ಹಟ ಹಿಡಿದಾಗ, ನಾವು ಸರಿಯಾಗಿ ನೋಡ್ಕೊಳ್ಳದಿದ್ರೆ ಹೊರಟುಹೋಗುತ್ತೆ, ಬೇಡ ಎಂದ. ಎಲ್ಲರೂ ಅವನದು ಹುಟ್ಟುಸ್ವಭಾವ ಅನ್ನುತ್ತಾರೆ. ಇರಬಹುದು. ಆದರೆ ಒಬ್ಬ ಮನುಷ್ಯನ ಸ್ವಭಾವದಲ್ಲಿ ಹುಟ್ಟಿನಿಂದ ಬಂದದ್ದೆಷ್ಟು, ಯಾರೋ ಕೂಡಿಸಿ ಹೊಲಿದದ್ದೆಷ್ಟು ಎಂದು ಬಿಚ್ಚಿ ನೋಡಲು ಬರುವುದಾದರೆ ನಾನು ನೋಡುತ್ತಿದ್ದೆ. ಸೀರೆಯಲ್ಲಾದರೆ ಹೊಲಿಗೆ ಬೆರಳಿಗೆ ಸಿಗುತ್ತದೆ.

ಇಷ್ಟಕ್ಕೇ ಆಗಿದ್ದರೆ ಸುಮ್ಮನಿದ್ದುಬಿಡುತ್ತಿದ್ದೆನೇನೋ. ಕಳೆದುಹೋದ ವಸ್ತುವಿನ ಬಗ್ಗೆ ಹೇಳಿದ ಸುಳ್ಳು ಭದ್ರವಾಗಿರುತ್ತದೆ. ಪರೀಕ್ಷೆ ಮಾಡೋಣವೆಂದರೆ ವಸ್ತುವೇ ಇರುವುದಿಲ್ಲ. ಆದರೆ ಈ ಆಟ ತಿರುಗಿ ಬಂದುಬಿಟ್ಟಿತಲ್ಲ. ಚಾರು ಅಪ್ಪನ ಮಾತಿನಂತೆ ಅದೇ ಕೆಸುವಿನ ಬಾಲದವನನ್ನು ಆರಿಸಿಕೊಂಡು ಬೋಂಡಾ ಎಂದು ಹೆಸರಿಟ್ಟಳು. ಮೂರು ವಾರ ಕಳೆದು ಒಂದು ಭಾನುವಾರ ನಾನು ಚಾಮರಾಜಪೇಟೆಗೆ ಹೋದಾಗ ಮನೆಯಲ್ಲಿ ರಾದ್ಧಾಂತ ನಡೆದಿತ್ತು. ಮೂರನೇ ಊರಿನ ಮೇಷ್ಟ್ರ ಮುಂದೆ ಚಾರು ಏಳು ಸಲ ಸೋತಿದ್ದಳು. ಬೋಂಡಾನನ್ನು ದಿನಕ್ಕೆ ಒಂದೇ ಸಲ ಕಾದಾಡಿಸಬೇಕೆಂದು ಅಪ್ಪನ ಅಪ್ಪಣೆ. ಕಾದಾಡದ ಬೋಂಡಾಗೆ ಶಕ್ತಿ ಬೆಳೆದಿರಲಿಲ್ಲ.

"ಎಲ್ಲರೂ ಆಡಿಸ್ತಾರಪ್ಪಾ! ನಮ್ಮ ಕ್ಲಾಸಲ್ಲಿ ಎಲ್ಲರದ್ದೂ ದೊಡ್ಡದಾಗಿದೆ, ನಂದೊಂದೇ ಪಾಪು ಥರ ಇದೆ!"

"ಜಾಸ್ತಿ ಆಡಿಸಿದ್ರೆ ಬಿಟ್ಟುಹೋಗುತ್ತೆ ಪುಟ್ಟಿ. ನಂದು ಹೋಗಿತ್ತು."

"ಸುಳ್ಳು! ಹಾಗೆಲ್ಲಾ ಇಲ್ಲವೇ ಇಲ್ಲ!"

"ನಿಮ್ಮತ್ತೇನೇ ಕೇಳು. ಅವಳೇ ಓದಿದ್ದು."

ಇಬ್ಬರೂ ನನ್ನ ಕಡೆ ತಿರುಗಿದರು. ಸ್ನೇಹಿತರೇ, ಬಾಯಿ ತೆರೆಯಲು ಅದಕ್ಕಿಂತ ಒಳ್ಳೆಯ ಗಳಿಗೆ ಸಿಗುತ್ತಿರಲಿಲ್ಲ. ನಾನು ಕೈಚೀಲದಲ್ಲಿ ಏನನ್ನೋ ಹುಡುಕುತ್ತ, "ಹೂಂ, ಹಾಗೇನೋ ಇತ್ತು" ಎಂದೆ. ಮಗು ನನ್ನನ್ನು ನೋಡಿದ ರೀತಿಯನ್ನು ಬರೆಯಲು ಮನಸ್ಸು ಬರುತ್ತಿಲ್ಲ. ಮೊದಲ ಸುಳ್ಳಿಗೆ ಹದಿಮೂರು ವರ್ಷದ ಹುಡುಗಿಯ ಹೆದರಿಕೆಯನ್ನು ನೆಪವಾಗಿ ಕೊಡಬಹುದು. ಎರಡನೆಯದನ್ನು ಹೇಳಿದವಳು ಮೊಣಕಾಲಿಗೆ ಎಣ್ಣೆ ಹಚ್ಚಿಕೊಳ್ಳುವ ಹೆಂಗಸು.

ಆಮೇಲಿನ ಶನಿವಾರ ಚಾರು ಮುಖ ಊದಿಸಿಕೊಂಡೇ ನಮ್ಮ ಮನೆಗೆ ಬಂದಳು. ನಾನು ಚಕ್ಕುಲಿ ಕೊಟ್ಟು ರಾಜಿ ಮಾಡಿಕೊಂಡು, "ಆ ಕೆರೆ ಹತ್ರದ ಅಜ್ಜಿ ಏನಂತಾಳೆ ಓದಮ್ಮ" ಎಂದೆ. ಪಶ್ಚಾತ್ತಾಪದಿಂದ ಕೇಳಿದೆ ಎಂದರೆ ಅದೂ ಪೂರ್ತಿ ನಿಜವಲ್ಲ. ಆ ಜನ ನಿಜವಾಗಿ ಏನು ಹೇಳುತ್ತಿದ್ದರು ಎಂಬ ಕುತೂಹಲ ಅಷ್ಟೂ ವರ್ಷ ನನ್ನೊಳಗೆ ಇತ್ತು. ಒಂದು ಊರಿನವರೆಲ್ಲರ ಬಾಯಿಗೆ ನನ್ನ ಮಾತು ತುರುಕಿದ್ದೆ, ಅವರ ಸ್ವಂತ ಮಾತು ಏನಿತ್ತು?

ಚಾರು ಇಂಗ್ಲಿಷಿನಲ್ಲಿ ಓದಿ ಕನ್ನಡದಲ್ಲಿ ಹೇಳಿದಳು. ಅಜ್ಜಿ, ಈ ಕೆರೆಯ ನೀರು ತಣ್ಣಗಿದೆ ಅನ್ನುತ್ತಾಳಂತೆ. ಅಷ್ಟೇ. ದೋಣಿಯವನು, ನಾಳೆಯಿಂದ ದೋಣಿ ಹೊರಡುತ್ತದೆ ಅನ್ನುತ್ತಾನೆ. ಔಷಧಿ ಅಂಗಡಿಯವರು ಮಾತು ಬಿಟ್ಟ ಅಣ್ಣತಮ್ಮಂದಿರಲ್ಲ, ಬಂದವರಿಗೆ ದಾರಿ ತೋರಿಸುವ ಇಬ್ಬರು ಪರಿಚಯವಿಲ್ಲದ ಗಂಡಸರು. ನನಗೆ ಸ್ವಲ್ಪ ನಿರಾಸೆಯೇ ಆಯಿತು. ಇಷ್ಟು ಸಪ್ಪೆ ಜನವೇ ಇವರು? "ಸರಿಯಾಗಿ ಓದಿದ್ಯಾ?" ಎಂದು ಎರಡು ಸಲ ಕೇಳಿದೆ. "ಅತ್ತೆ, ಥಂಡಿ ನೀರು ಅಂತಾನೇ ಇದೆ, ಇನ್ನೇನಿರುತ್ತೆ?" ಎಂದಳು.

ಕೊನೆಗೆ ಪೆಟ್ಟಿಗೆ ಯಂತ್ರದ ಮುಂದೆ ಹೋಗು ಎಂದೆ. ಸಾಲುಗಳನ್ನು ಒಂದೊಂದಾಗಿ ಓದಿಸಿದೆ. ಇಡುವುದು, ತೆಗೆಯುವುದು, ಹೆಸರು ನೋಡುವುದು. ಆಮೇಲೆ ಒಂದು. ಅವಳು ಆ ಸಾಲಿನ ಮೇಲೆ ಬೆರಳಿಡಲೂ ಹೆದರಿದಳು. "ಇದು ಕಾಡಿಗೆ ಬಿಟ್ಟುಬಿಡೋದು ಅತ್ತೆ. ಒತ್ತಿದ್ರೆ ಕೇಳುತ್ತೆ, ನಿಜವಾಗ್ಲೂ ಬಿಡ್ತೀಯಾ ಅಂತ. ಎಸ್ ಅಂದ್ರೆ ಹೋಗ್ಬಿಡುತ್ತೆ, ಮತ್ತೆ ಬರಲ್ಲ."

ಹಾಗಾದರೆ ಅದು ನನ್ನನ್ನು ಕೇಳಿತ್ತು. ಸ್ಪಷ್ಟವಾಗಿ, ಮರ್ಯಾದೆಯಿಂದ, ನಿಜವಾಗಲೂ ಬಿಡುತ್ತೀಯಾ ಎಂದು ಕೇಳಿತ್ತು. ನಾನು ಹೂಂ ಎಂದಿದ್ದೆ.

ಅಷ್ಟಕ್ಕೇ ಮುಗಿಯಲಿಲ್ಲ. ಅದೇ ಊರಿನ ಒಂದು ಮನೆಯಲ್ಲಿ ಪ್ರಾಣಿಗಳ ಮನಸ್ಸು ತಿಳಿದು ಹೇಳುವ ಹೆಂಗಸೊಬ್ಬಳಿದ್ದಾಳೆ. ಚಾರು ಬೋಂಡಾನನ್ನು ಅವಳಿಗೆ ತೋರಿಸಿದಳು. ಇನ್ನೂ ನಿನಗೆ ಹೊಂದಿಕೊಂಡಿಲ್ಲ, ಹೆಚ್ಚು ಸಲ ಜೊತೆಯಾಗಿ ಕಾದಾಡಿ, ಆಗ ನಿನ್ನ ಮೇಲೆ ಪ್ರೀತಿ ಬೆಳೆಯುತ್ತದೆ ಎಂದಳಂತೆ. ನಾನು ಗಿರಿಗೆ ಹೇಳಿದ್ದಕ್ಕೆ ಪೂರ್ತಿ ತಿರುಗುಮುರುಗು. ಚಾರು ತುಟಿ ಕಚ್ಚಿಕೊಂಡು ನನ್ನನ್ನೇ ನೋಡಿದಳು. "ನೀವು ಓದಿದ್ದು ಬೇರೆ ಥರ ಇತ್ತಾ ಅತ್ತೆ?"

ಮಂಗಳವಾರ ಮಲ್ಲೇಶ್ವರಂಗೆ ಹೋದೆ. ದಾರದ ಎಳೆ ಎರಡೆರಡಾಗಿ ಕಾಣುತ್ತಿತ್ತು, ಕನ್ನಡಕ ಬೇಕೇ ಇತ್ತು, ಆ ನೆಪವೂ ಸುಳ್ಳಲ್ಲ. ಗಿರಿ ನನ್ನನ್ನು ಒಳಗಿನ ಕೋಣೆಯ ಎತ್ತರದ ಕುರ್ಚಿಯಲ್ಲಿ ಕೂರಿಸಿ ಮೂಗಿನ ಮೇಲೆ ಭಾರದ ಕಬ್ಬಿಣದ ಚೌಕಟ್ಟು ಹೇರಿದ. ಒಂದೊಂದೇ ಗಾಜು ಹಾಕಿ ತೆಗೆದು, "ಇದು ಚೆನ್ನಾಗಿ ಕಾಣುತ್ತಾ, ಇದಾ?" ಎನ್ನುತ್ತಿದ್ದ. ಆಮೇಲೆ ಸಣ್ಣಕ್ಷರದ ಕಾರ್ಡನ್ನು ಕೈಗಿಟ್ಟು, "ಓದಕ್ಕ" ಎಂದ. ಇಂಗ್ಲಿಷ್ ಮೇಲ್ಮುಖವಾಗಿತ್ತು. ತಿರುಗಿಸಿದರೆ ಹಿಂದುಗಡೆ ಕನ್ನಡ ಇತ್ತು. ತಿರುಗಿಸಲಿಲ್ಲ.

"ನಂಗೆ ಇದು ಓದೋಕೆ ಬರಲ್ಲ ಗಿರಿ."

"ಅದಕ್ಕೇ ತಾನೆ ಬಂದಿರೋದು. ವಯಸ್ಸಾಯ್ತು ತಾಯಿ, ಎಲ್ಲರಿಗೂ ಮಂಜಾಗುತ್ತೆ. ಇರು, ಇನ್ನೊಂದು ಗಾಜು ಹಾಕ್ತೀನಿ."

"ಕಣ್ಣಲ್ಲ ಕಣೋ. ಆವತ್ತೂ ಬರ್ತಿರ್ಲಿಲ್ಲ."

ಅವನ ಕೈ ನನ್ನ ಕಣ್ಣಿನ ಮುಂದೆ ಗಾಜು ಹಿಡಿದುಕೊಂಡೇ ನಿಂತಿತು. ಆ ಗಾಜಿನಲ್ಲಿ ಅವನ ಮುಖ ಕಾಣುತ್ತಿರಲಿಲ್ಲ, ಬೆಳ್ಳಗೆ ಕರಗಿದಂತಿತ್ತು. ಕಾಣದ್ದರಿಂದಲೇ ಹೇಳಲು ಆಯಿತೋ ಏನೋ. ಎಸ್ ಒತ್ತಿದ್ದು, ಏನೂ ಬರೆದಿರದ ಪರದೆಯನ್ನು ಓದಿದ್ದು, ಮೊನ್ನೆ ಮಗುವಿನ ಮುಂದೆಯೂ ಹೂಂ ಎಂದದ್ದು, ಎಲ್ಲ ಹೇಳಿದೆ. ಹೇಳುತ್ತ ಹೇಳುತ್ತ ನನ್ನ ತಲೆ ಅಲ್ಲಾಡುತ್ತಿತ್ತು.

"ತಲೆ ಅಲ್ಲಾಡಿಸ್ಬೇಡ, ಗಾಜು ಬೀಳುತ್ತೆ" ಎಂದ. ಕೈಯಲ್ಲಿದ್ದ ಗಾಜನ್ನು ಚೌಕಟ್ಟಿಗೆ ಸಿಕ್ಕಿಸಿ, "ಅವನು ಹೋಗಿದ್ದು ನನ್ನಿಂದ ಅಲ್ಲ?" ಎಂದ.

"ಅಲ್ಲ. ನನ್ನ ಬೆರಳು."

"ನಾನು ಜಾಸ್ತಿ ಕಾದಾಡಿಸಿದ್ದಕ್ಕೆ ಅಲ್ಲ."

"ಅಲ್ವೋ."

ಅವನು ಚೌಕಟ್ಟನ್ನು ತೆಗೆದು ಗಾಜುಗಳನ್ನು ಒಂದೊಂದಾಗಿ ಒರೆಸಿ ಪೆಟ್ಟಿಗೆಯ ಆಯಾ ಗೂಡಿಗೆ ಸೇರಿಸಿದ. ಚೀಟಿಯ ಮೇಲೆ ನಂಬರು ಬರೆದ. "ಶುಕ್ರವಾರ ರೆಡಿಯಾಗುತ್ತೆ, ಮನೆಗೆ ಕಳಿಸ್ತೀವಿ" ಎಂದ, ಯಾರೋ ಗಿರಾಕಿಗೆ ಹೇಳುವ ಹಾಗೆ, ನನ್ನ ಮುಖ ನೋಡದೆ. ಹೊರಗೆ ಬಂದು ಮೆಟ್ಟಿಲ ಮೇಲೆ ನಿಂತಾಗ ಎಂಟನೇ ಅಡ್ಡರಸ್ತೆಯ ಜನವೆಲ್ಲ ನನಗೆ ಮಂಜುಮಂಜಾಗಿ ಕಂಡರು.

ಶುಕ್ರವಾರ ಕನ್ನಡಕ ಬಂತು, ಗಿರಿ ಬರಲಿಲ್ಲ. ಫೋನೂ ಇಲ್ಲ. ಅವನು ಎಷ್ಟೋ ವರ್ಷ ಎಲ್ಲರನ್ನೂ ಕೇಳುತ್ತ ಬಂದ ಪ್ರಶ್ನೆ ಈಗ ನನ್ನ ಬಾಯಲ್ಲಿತ್ತು. ಫೋನು ಕೈಗೆತ್ತಿಕೊಳ್ಳುವುದು, ಕೆಳಗಿಡುವುದು. ಕೇಳುವ ಹಕ್ಕು ನನಗಿಲ್ಲ ಅನ್ನಿಸುತ್ತಿತ್ತು. ಬೇಜಾರಾಯ್ತಾ ಎಂದು ಕೇಳಲು ಅದರಲ್ಲಿ ತಿಳಿಯದ್ದೇನಿತ್ತು? ಭಾನುವಾರ ಚಾರು ಮಾತ್ರ ಅಮ್ಮನ ಫೋನಿನಿಂದ ಕಿರುಚಿದಳು: "ಅತ್ತೆ! ಅಪ್ಪ ಬೋಂಡಾನ ಎಷ್ಟ್ ಬೇಕಾದ್ರೂ ಆಡಿಸು ಅಂದ್ರು! ಮೇಷ್ಟ್ರನ್ನ ಸೋಲಿಸ್ಬಿಟ್ಟೆ!" ಅಪ್ಪ ಎಲ್ಲಿ ಎಂದೆ. "ಪಕ್ಕದಲ್ಲೇ ಕೂತಿದಾರೆ, ಮಾತಾಡ್ತಿಲ್ಲ" ಎಂದಳು. ಯಾರ ಜೊತೆ ಎಂದು ಕೇಳಲಿಲ್ಲ.

ಬುಧವಾರ ಹಗಲು ಹನ್ನೆರಡರ ಹೊತ್ತಿಗೆ ಫೋನು ಬಂತು. ನಮಸ್ಕಾರವಿಲ್ಲ, ಊಟವಾಯಿತಾ ಇಲ್ಲ.

"ಕೆರೆ ಹತ್ರದ ಅಜ್ಜಿ. ಅಳಿಯ ಮನೆ ಬಿಟ್ಟುಹೋಗಿದ್ದ ಅಂತ ಇತ್ತಲ್ಲ?"

"ಅದು ನಂದೇ ಗಿರಿ. ಅವಳು ನೀರು ತಣ್ಣಗಿದೆ ಅಂತಾಳಷ್ಟೆ."

ಫೋನು ಇಟ್ಟ. ಮರುದಿನ ಮತ್ತೆ.

"ದೋಣಿಯವನಿಗೆ ಈಜು ಬರಲ್ಲ ಅನ್ನೋದು?"

"ಅದೂ ನಂದೇ."

"ಥೂ! ಅದನ್ನ ಕಾಲೇಜಲ್ಲಿ ಎಲ್ಲರಿಗೂ ಹೇಳ್ಕೊಂಡು ತಿರುಗಿದೀನಿ ಕಣಕ್ಕಾ! ಒಬ್ಬನ ಹತ್ರ ಪಂದ್ಯ ಬೇರೆ ಕಟ್ಟಿದ್ದೆ!"

ಗುಂಡನ ವಿಷಯಕ್ಕಿಂತ ಇದಕ್ಕೇ ಅವನಿಗೆ ಜಾಸ್ತಿ ಸಿಟ್ಟು ಬಂದಂತಿತ್ತು. ಹೀಗೆ ದಿನಕ್ಕೊಂದು. ಔಷಧಿ ಅಂಗಡಿಯ ಅಣ್ಣತಮ್ಮಂದಿರು, ಗುಹೆಯಲ್ಲಿ ದಾರಿ ತಪ್ಪಿದ ಮದುವೆ ದಿಬ್ಬಣ, ಬೆಟ್ಟದ ಮೇಲೆ ಒಬ್ಬಳೇ ಇದ್ದ ಟೀಚರು. ನಾನೇ ಮರೆತ ಎಷ್ಟೋ ಜನ ಅವನಲ್ಲಿ ಭದ್ರವಾಗಿದ್ದರು. ಒಬ್ಬೊಬ್ಬರನ್ನೇ ತಂದು ನನ್ನ ಮುಂದೆ ನಿಲ್ಲಿಸಿ, ಇವರು ನಿಜವಾ ಎಂದು ಕೇಳುತ್ತಿದ್ದ. ಅಲ್ಲ, ಅಲ್ಲ ಎಂದು ನಾನು ಹೇಳುತ್ತಿದ್ದೆ. ಪ್ರತಿ ಸಲವೂ ಏನೋ ಒಂದು ಕಳೆದುಕೊಂಡವನಂತೆ ಫೋನು ಇಡುತ್ತಿದ್ದ. ಸುಳ್ಳನ್ನು ಕಿತ್ತರೆ ಕೆಳಗೆ ಸತ್ಯ ಸಿಗುತ್ತದೆ ಎಂದುಕೊಂಡಿದ್ದೆ. ಕೆಲವು ಕಡೆ ತಣ್ಣೀರು ಮಾತ್ರ ಸಿಗುತ್ತದೆ.

ನೆನ್ನೆಯ ಫೋನಿನಲ್ಲಿ ಅವನು ಯಾರ ಹೆಸರನ್ನೂ ಎತ್ತಲಿಲ್ಲ. ಹಿಂದೆ ಅಂಗಡಿಯ ಸದ್ದು ಕೇಳುತ್ತಿತ್ತು.

"ಒಂದು ವಿಷಯ ನೀನು ಯಾವತ್ತೂ ಹೇಳ್ಲೇ ಇಲ್ಲ. ಆಮೇಲೆ ಗುಂಡ ಎಲ್ಲಿಗೆ ಹೋದ?"

ನಾಲಿಗೆಯ ತುದಿಯಲ್ಲಿ ಒಂದು ಊರು ಆಗಲೇ ತಯಾರಾಗಿತ್ತು. ಬೆಟ್ಟ ಇಳಿದರೆ ಕೆಸುವಿನ ಗಿಡಗಳೇ ತುಂಬಿದ ತಗ್ಗು, ಅಲ್ಲಿ ಅವನಂಥವರೇ ಹತ್ತಿಪ್ಪತ್ತು ಜನ, ಸಾಯಂಕಾಲ ಬಾಲ ಹರಡಿಕೊಂಡು ಬಿಸಿಲು ಕಾಯಿಸುತ್ತಿರುತ್ತಾರೆ. ಹೇಳಿದ್ದರೆ ಅವನಿಗೆ ಸಮಾಧಾನವಾಗುತ್ತಿತ್ತು. ಬಹುಶಃ ಅದನ್ನೇ ಕೇಳಲು ಫೋನು ಮಾಡಿದ್ದ.

"ನಂಗೆ ಗೊತ್ತಿಲ್ಲ ಗಿರಿ" ಎಂದೆ.

ಅವನು ಫೋನು ಇಡಲಿಲ್ಲ. ಆ ಕಡೆ ಯಾರೋ ಹೆಂಗಸು ಬಂದು, ಈ ಫ್ರೇಮು ನನ್ನ ಮುಖಕ್ಕೆ ದೊಡ್ಡದಾಯ್ತಾ ನೋಡಿ ಎಂದು ಕೇಳಿದ್ದು ನನಗೆ ಕೇಳಿಸಿತು.

"ಒಂದ್ನಿಮಿಷ ಇರಿ ಮೇಡಂ" ಎಂದ ಗಿರಿ, "ನಮ್ಮಕ್ಕ ಲೈನಲ್ಲಿದಾಳೆ."